ರಾಗಿ ಪಾಪು ಮೊದಲು ಕೂರಬೇಕು

ಬೆಳಗಿನ ಆರು ಗಂಟೆ. ಅಬ್ಬಿಗೆರೆ ಮುಖ್ಯರಸ್ತೆಯಲ್ಲಿ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಅರ್ಧ ಎತ್ತಿದ ಶೆಟರಿನ ಮುಂದೆ ನಿಂತ ಬಿಳಿ ಕಾರಿನ ಹಿಂಬಾಗಿಲಲ್ಲಿ ಸೊಂಟದವರೆಗೆ ಒಳಹೊಕ್ಕು, ಯಲ್ಲಮ್ಮ ಒಂದು ಮಗುವಿನ ಗದ್ದವನ್ನೇ ನೋಡುತ್ತಿದ್ದಾರೆ. ಮಗು ಅಳುವುದಿಲ್ಲ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಮೈ ಕಂದು ರೆಕ್ಸಿನ್ನಿನದು. ಹೊಟ್ಟೆ ತುಂಬ ರಾಗಿ.

ಮೂರು ಕೆಜಿಗೆ ನೂರು ಗ್ರಾಂ ಕಡಿಮೆ ತೂಗುವ ಈ ಗೊಂಬೆಯನ್ನು ಹೊಲಿದವರು ಯಲ್ಲಮ್ಮನೇ. ತಲೆಗೆ ರಾಗಿಯನ್ನು ಗಟ್ಟಿಯಾಗಿ ತುಂಬಿ, ಕತ್ತಿಗೆ ಮಾತ್ರ ಏನೂ ತುಂಬದೆ ಬರೀ ಬಟ್ಟೆ ಬಿಟ್ಟಿದ್ದಾರೆ. ಹುಟ್ಟಿದ ಮಗುವಿನ ಕತ್ತು ಹಾಗೇ ಇರುತ್ತದೆ. ಅದನ್ನು ಕಾರಿನ ಮಗುಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಬಾಗಿಲನ್ನು ಧಡ್ಡನೆ ಮುಚ್ಚಿ, ಕಾರನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿ, ಮತ್ತೆ ಬಾಗಿಲು ತೆಗೆದು ನೋಡುತ್ತಾರೆ. ಗದ್ದ ಎದೆಗೆ ತಾಗಿದ್ದರೆ ಸೀಟು ತುಂಬ ನೆಟ್ಟಗಿದೆ ಎಂದರ್ಥ. ಹಸುಗೂಸಿನ ಗದ್ದ ಹಾಗೆ ಬಿದ್ದರೆ ಉಸಿರು ಕಟ್ಟುತ್ತದೆ, ಸದ್ದಿಲ್ಲದೆ.

ಇವತ್ತು ಗದ್ದ ಮೇಲಿದೆ.

"ಉಸಿರಾಡ್ತಾಳೆ," ಎನ್ನುತ್ತಾರೆ ಯಲ್ಲಮ್ಮ. ಅವರ ತೀರ್ಪು ಅಷ್ಟೇ, ಒಂದು ಪದ.

ಕಾರಿನ ಪಕ್ಕ ನಿಂತಿರುವ ಅನಂತರಾಜು ನಗುತ್ತಾನೆ. ಸೋಲದೇವನಹಳ್ಳಿಯ ಹಳೇ ಮನೆತನದ ಹುಡುಗ, ವಯಸ್ಸು ಇಪ್ಪತ್ತೊಂಬತ್ತು. ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಾಲೇಜು ಹುಡುಗರಿಗೆಂದು ಕಟ್ಟಿಸಿದ ನಾಲ್ಕಂತಸ್ತಿನ ಎರಡು ಕಟ್ಟಡಗಳಿವೆ. ಸೋಮವಾರ ಅವನ ತಂಗಿ ಮಂಜುಶ್ರೀಗೆ ಗಂಡುಮಗುವಾಗಿದೆ. ಚೊಚ್ಚಲ ಬಾಣಂತನ ತವರಿನದು. ಮಗುವನ್ನು ಆಸ್ಪತ್ರೆಯಿಂದ ಮನೆ ತುಂಬಿಸುವ ಹೊಣೆ ಸೋದರಮಾವನದು.

"ಅಕ್ಕ, ಹನ್ನೊಂದಕ್ಕೆ ಡಿಸ್ಚಾರ್ಜು. ಕವರ್ ಬಿಚ್ಚಿ ಒಂದ್ಸಲ ಒಗೆದುಕೊಟ್ಬಿಡಿ, ಸಾಕು. ಎಂಟು ಗಂಟೆ ಬಿಸಿಲಿಗೆ ಒಣಗೋಗುತ್ತೆ."

"ಯಾರ್ದಪ್ಪ ಈ ಸೀಟು?"

"ಚಿಕ್ಕಬಾಣಾವರದಲ್ಲಿ ನಮ್ ಪದ್ಮಶ್ರೀ ಅತ್ತಿಗೆ ಇಲ್ವಾ, ಅವ್ರ ಮಗಳು ಮೋನಿಷಾದು. ಹೆಂಗವಳೆ ಗೊತ್ತಾ, ಗುಂಡ್‌ಕಲ್ಲು! ನಾಲ್ಕು ವರ್ಷಕ್ಕೆ ನಮ್ಮನೇಲಿ ಎಲ್ಲಾರ್ನೂ ಹೊಡೀತಾಳೆ. ಅದಕ್ಕೇ ಅಮ್ಮ ಇದನ್ನೇ ತರಿಸಿರೋದು."

"ಕಾರು ಎಲ್ಲಾದ್ರೂ ಗುದ್ದಿತ್ತಾ?"

"ಅವ್ರ ಕಾರಿಗೆ ಒಂದ್ ಗೀರೂ ಬಿದ್ದಿಲ್ಲಕ್ಕ."

"ಅದಕ್ಕೆ ಮುಂಚೆ?"

ಅನಂತರಾಜು ತಲೆ ಕೆರೆದುಕೊಳ್ಳುತ್ತಾನೆ. "ಮುಂಚೆ ಅಂದ್ರೆ... ಅವ್ರೂ ಎಲ್ಲೋ ಸೆಕೆಂಡ್ಸಲ್ಲೇ ತಗೊಂಡಿದ್ದಂತೆ. ಅದೇ ಕಾರಣಕ್ಕೆ."

ಅದೇ ಕಾರಣ. ಈ ಸುತ್ತಿನ ಹಳೇ ಮನೆಗಳಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಗು ಹುಟ್ಟುವ ಮುಂಚೆ ಅದಕ್ಕೆಂದು ಏನನ್ನೂ ಕೊಳ್ಳುವಂತಿಲ್ಲ. ಹುಟ್ಟಿದ ಮೇಲೂ ಹೆಸರಿಡುವವರೆಗೆ ಹೊಸದನ್ನು ಮೈಗೆ ಮುಟ್ಟಿಸುವಂತಿಲ್ಲ. ಮೊದಲು ಹಳೆಯದು. ಅಜ್ಜಿಯ ಸವೆದ ಸೀರೆ, ಗಟ್ಟಿಮುಟ್ಟಾಗಿ ಬೆಳೆದ ಇನ್ನೊಂದು ಮಗುವಿನ ಅಂಗಿ. ಆ ಮಗುವಿನ ಆಯಸ್ಸು ಈ ಮಗುವಿಗೂ ಅಂಟಲಿ ಎಂಬ ಆಸೆ. ಬಟ್ಟೆಗಿದ್ದ ಈ ನೇಮ ತೊಟ್ಟಿಲಿಗೆ ಬಂತು, ತೊಟ್ಟಿಲಿನಿಂದ ಕಾರು ಹತ್ತಿತು. ಹತ್ತು ಹೊಸ ಸೀಟು ಕೊಳ್ಳುವ ಶಕ್ತಿ ಇರುವವರೂ ಮನೆಮನೆ ವಿಚಾರಿಸಿ ಹಳೇ ಸೀಟು ಹುಡುಕುತ್ತಾರೆ. ಹುಡುಕಿದ್ದನ್ನು ಒಗೆಸಲು, ಹೊಲಿಸಲು ಮುನ್ನಾ ಅವರ ಕುಷನ್ ಅಂಗಡಿಗೆ ತರುತ್ತಾರೆ. ಅಲ್ಲಿ ಅದನ್ನು ಬಿಚ್ಚುವವರು ಯಲ್ಲಮ್ಮ.

ಈ ಅಂಗಡಿಯಲ್ಲಿ ಅವರಿಗಿದು ಹತ್ತೊಂಬತ್ತನೇ ವರ್ಷ. ಅಂಗಡಿಯ ಫಲಕದಲ್ಲಿ ಮುನ್ನಾ ಅವರ ತಂದೆಯ ಹೆಸರಿದೆ, ಮುನ್ನಾ ಅವರ ಫೋನ್ ನಂಬರಿದೆ. ಕಾರಿನಲ್ಲಿ ಓಡಾಡುವವರು ಬೆನ್ನು ಕೊಟ್ಟು ಕೂರುವ ಹೊಲಿಗೆಗಳು ಯಾರವು ಎಂದು ಎಲ್ಲೂ ಬರೆದಿಲ್ಲ. ವಾರಕ್ಕೆ ಐದಾರು ಕಾರು. ಒಂದು ಕಾರಿಗೆ ಹೆಚ್ಚುಕಡಿಮೆ ಒಂಬತ್ತು ಮೀಟರ್ ರೆಕ್ಸಿನ್. ಮುಂದಿನ ಎರಡು, ಹಿಂದಿನ ಒಂದು, ತಲೆದಿಂಬುಗಳು ಬೇರೆ. ಎಡಗೈ ತೋರುಬೆರಳಿನೊಳಗೆ ಸೂಜಿ ಮೂರು ಸಲ ಮುರಿದಿದೆ. ಸ್ಪಂಜು ಅಂಟಿಸುವ ಸಲ್ಯೂಷನ್ನಿನ ವಾಸನೆ ಮೂಗಿನಿಂದ ಹೋಗಿದ್ದು ಯಾವಾಗ ಎಂದು ನೆನಪಿಲ್ಲ. ಮಲ್ಲಿಗೆಗೂ ಅದೇ ವಾಸನೆ ಎನ್ನುತ್ತಾರೆ.

ಹುಟ್ಟಿದ್ದು ಸೋಲದೇವನಹಳ್ಳಿಯಲ್ಲಿ. ಓದಿದ್ದು ಏಳನೇ ಕ್ಲಾಸು. ಹದಿನಾರಕ್ಕೆ ಯಶವಂತಪುರದ ಕಡೆ ಗಾರ್ಮೆಂಟ್ ಫ್ಯಾಕ್ಟರಿ ಸೇರಿದರು. ಅಲ್ಲಿ ಹನ್ನೆರಡು ವರ್ಷ ಬರೀ ಕಾಲರ್ ಹೊಲಿದರು. ಪೂರ್ತಿ ಅಂಗಿ ಹೇಗಿರುತ್ತದೆಂದು ನೋಡಿದ್ದೇ ಕಡಿಮೆ. ಫ್ಯಾಕ್ಟರಿ ಮುಚ್ಚಿತು. ಮುನ್ನಾ ಅವರ ತಂದೆ ಒಂದು ಹರಿದ ಸೀಟು ಕೊಟ್ಟು ಹೊಲಿದು ತೋರಿಸು ಎಂದರು. ಯಲ್ಲಮ್ಮ ಹೊಲಿದರು. ಮುದುಕ ಅದರ ಮೇಲೆ ಕೂತು, ಎದ್ದು, ಮತ್ತೆ ಕೂತು, "ನಾಳೆಯಿಂದ ಬಾಮ್ಮ" ಎಂದರು. ಮೊದಮೊದಲು ಗಿರಾಕಿಗಳು ಒಳಗೆ ಇಣುಕಿ, "ಕೆಲ್ಸ ಮಾಡೋರು ಯಾರೂ ಇಲ್ವಾ?" ಎಂದು ಮಿಷನ್ ಮುಂದೆ ಕೂತ ಅವರನ್ನೇ ಕೇಳುತ್ತಿದ್ದರು. "ಇದ್ದಾರೆ, ಹೇಳಿ," ಎಂದು ಯಲ್ಲಮ್ಮ ಮಿಷನ್ ತುಳಿಯುತ್ತಲೇ ಉತ್ತರಿಸುತ್ತಿದ್ದರು.

ಮಗುಸೀಟುಗಳ ವಿದ್ಯೆ ಬಂದದ್ದು ಮೂರು ವರ್ಷದ ಹಿಂದೆ, ಬೈಗುಳದ ರೂಪದಲ್ಲಿ. ಧನಲಕ್ಷ್ಮಿ ಎಂಬ ನರ್ಸು ಅಕ್ಕನ ಮಗುವಿನ ಸೀಟನ್ನು ತಂದಿದ್ದರು. ಮೆತ್ತಗಿರಲಿ ಎಂದು ಯಲ್ಲಮ್ಮ ಬೆನ್ನಿಗೆ ಎರಡಿಂಚು ಸ್ಪಂಜು ಸೇರಿಸಿ ಹೊಲಿದುಕೊಟ್ಟರು. ಧನಲಕ್ಷ್ಮಿ ಅದನ್ನು ಅಂಗಡಿಯಲ್ಲೇ ಕಿತ್ತೆಸೆದರು. "ಮಗು ಇದ್ರಲ್ಲಿ ಮುಂದಕ್ಕೆ ಮಡಚ್ಕೊಳುತ್ತೆ, ಸತ್ತೋಗುತ್ತೆ, ಗೊತ್ತಾ ನಿಮಗೆ?" ಯಲ್ಲಮ್ಮನಿಗೆ ಗೊತ್ತಿರಲಿಲ್ಲ. ಆ ಮಾತನ್ನು ಅವರು ಮರೆಯಲಿಲ್ಲ. ಮಾರನೇ ದಿನ ಆಸ್ಪತ್ರೆಯ ಗೇಟಿನ ಹತ್ತಿರ ಹೋಗಿ ನಿಂತು ಕೇಳಿದರು: "ಹೇಳ್ಕೊಡಿ."

ಇಂಗ್ಲಿಷ್ ಓದಲು ಬಾರದು. ಸೀಟಿನ ಪಕ್ಕ ಅಂಟಿಸಿರುವ ಚಿತ್ರಗಳನ್ನು ಬೆರಳಿಟ್ಟು ಓದುವುದನ್ನು ಕಲಿತರು. ಹಸುಗೂಸು ಕಾರಿನ ಹಿಂದಿನ ಸೀಟಿನಲ್ಲೇ ಇರಬೇಕು, ಹಿಮ್ಮುಖವಾಗಿಯೇ ಇರಬೇಕು. ಬ್ರೇಕು ಬಿದ್ದಾಗ ಕತ್ತು ಮುಂದಕ್ಕೆ ಹಾರಬಾರದು, ಬೆನ್ನಿಗಿರುವ ಪ್ಲಾಸ್ಟಿಕ್ ಬುಟ್ಟಿ ತಡೆಯಬೇಕು. ಭುಜದ ಬೆಲ್ಟು ಚಿವುಟಲು ಸಿಗಬಾರದು. ಸೀಟನ್ನು ಹಿಡಿದು ಎಳೆದರೆ ಹೆಬ್ಬೆರಳಿನ ಅಗಲಕ್ಕಿಂತ ಹೆಚ್ಚು ಕದಲಬಾರದು. ಒಂದು ಸಲ ಜೋರಾಗಿ ಗುದ್ದಿದ ಕಾರಿನಲ್ಲಿದ್ದ ಸೀಟನ್ನು, ಅದು ಎಷ್ಟೇ ಚೆನ್ನಾಗಿ ಕಾಣಲಿ, ಮತ್ತೆ ಬಳಸಬಾರದು. ಅಂಥದ್ದು ಕೈಗೆ ಬಂದರೆ ಯಲ್ಲಮ್ಮ ಅದರ ಬೆಲ್ಟುಗಳನ್ನು ಕತ್ತರಿಸಿಬಿಡುತ್ತಾರೆ, ಗುಜರಿಗೆ ಹೋಗಿ ಮತ್ತೆ ಮಾರಾಟಕ್ಕೆ ಬರದಿರಲಿ ಎಂದು. ಕತ್ತರಿಸಿದ್ದನ್ನು ಮಿಷನ್ ಹಿಂದಿನ ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಈ ಬೆಳಿಗ್ಗೆಯವರೆಗೆ ಅಲ್ಲಿ ಇಪ್ಪತ್ತೇಳು ಇದ್ದವು.

ಇದಕ್ಕೆ ಬೇರೆ ಕೂಲಿ ಇಲ್ಲ. ಮುನ್ನಾ ತಮಾಷೆ ಮಾಡುತ್ತಾರೆ: "ಅಕ್ಕ, ನಮ್ದು ಕುಷನ್ ಅಂಗಡೀನೋ, ಕಟಿಂಗ್ ಅಂಗಡೀನೋ? ಬರೋ ಗಿರಾಕಿ ಸೀಟನ್ನೆಲ್ಲ ಕತ್ತರಿಸ್ತೀರ."

"ನಿಮ್ದು ಕುಷನ್ನು. ಕಟಿಂಗ್ ನನ್ದು," ಎನ್ನುತ್ತಾರೆ ಯಲ್ಲಮ್ಮ.

ಆರೂವರೆ. ಅನಂತರಾಜು ಎದುರಿನ ಹೋಟೆಲಿಗೆ ಕಾಫಿಗೆ ಹೋಗಿದ್ದಾನೆ. ಯಲ್ಲಮ್ಮ ಸೀಟನ್ನು ಚಾಪೆಯ ಮೇಲೆ ಬೋರಲು ಹಾಕಿ ಕವರಿನ ಅಂಚನ್ನು ಬಿಡಿಸುತ್ತಿದ್ದಾರೆ. ಬೂದು ಬಣ್ಣದ ಬಟ್ಟೆ, ಮೋನಿಷಾ ಚೆಲ್ಲಿದ ಹಾಲಿನ ಹಳೇ ಕಲೆ. ಅಂಚನ್ನು ಮಗುಚಿದಾಗ ನೀಲಿ ನೂಲು ಕಾಣುತ್ತದೆ. ಜೋಡಿ ಹೊಲಿಗೆ. ಕೊನೆಯಲ್ಲಿ ಗಂಟಿಲ್ಲ, ಮೂರು ಹೊಲಿಗೆ ಹಿಂದಕ್ಕೆ, ಒಂದು ಮುಂದಕ್ಕೆ.

ಅವರ ಕೈ ನಿಲ್ಲುತ್ತದೆ.

ಹಾಗೆ ಮುಗಿಸುವುದು ಕಾಲರ್ ಹೊಲಿಯುತ್ತಿದ್ದ ಕಾಲದ ಅಭ್ಯಾಸ. ಮುನ್ನಾ ಹಾಗೆ ಮುಗಿಸುವುದಿಲ್ಲ. ಈ ರಸ್ತೆಯ ಇನ್ಯಾವ ಕುಷನ್ ಅಂಗಡಿಯಲ್ಲೂ ಹಾಗೆ ಮುಗಿಸುವವರಿಲ್ಲ. ತನ್ನ ಕೈಬರಹವನ್ನು ಬೇರೆಯವರ ಮನೆಯ ಗೋಡೆಯ ಮೇಲೆ ಕಂಡವರ ಹಾಗೆ ಯಲ್ಲಮ್ಮ ಅದನ್ನೇ ನೋಡುತ್ತಾರೆ. ಈ ಸೀಟು ಇಲ್ಲಿಗೆ ಮೊದಲೇ ಬಂದಿತ್ತು. ಯಾವಾಗ? ಯಾರು ತಂದಿದ್ದರು?

ಕವರು ಪೂರ್ತಿ ಕಳಚುತ್ತದೆ. ಕೆಳಗೆ ಪ್ಲಾಸ್ಟಿಕ್ ಬುಟ್ಟಿ. ಬೆನ್ನು ಸೇರುವಲ್ಲಿ ಅಡ್ಡಲಾಗಿ ಒಂದು ಬಿಳಿಗೆರೆ, ಗಟ್ಟಿ ಪ್ಲಾಸ್ಟಿಕ್ಕನ್ನು ಬಗ್ಗಿಸಿದಾಗ ಮೂಡುವಂಥದ್ದು. ಹೆಬ್ಬೆರಳಿನಿಂದ ಒತ್ತಿದರೆ ಗೆರೆ ಬಾಯಿ ತೆರೆಯುತ್ತದೆ. ಮಗುವಿನ ತಲೆ ಬರುವ ಕಡೆ ಒಳಗಿರುವ ಥರ್ಮಾಕೋಲು ಎರಡು ಹೋಳಾಗಿದೆ. ಬುಟ್ಟಿಯನ್ನು ಎತ್ತಿ ಒದರಿದಾಗ ಚಾಪೆಯ ಮೇಲೆ ಏನೋ ಟಪ್ಪೆಂದು ಬೀಳುತ್ತದೆ. ಜೋಳದ ಕಾಳಿನಷ್ಟು ದೊಡ್ಡದು. ಸ್ವಲ್ಪ ಹಸಿರು. ಗಾಜು.

ನೆನಪಾಗಲು ಅಷ್ಟು ಸಾಕಾಯಿತು. ಯಲ್ಲಮ್ಮ ಅದನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಳ್ಳುತ್ತಾರೆ.

ಪಿಳ್ಳಣ್ಣ. ಆಕ್ಸಿಡೆಂಟ್ ಗಾಡಿಗಳನ್ನು ಕೊಂಡು, ಬಿಚ್ಚಿ, ಬಿಡಿಬಿಡಿಯಾಗಿ ಮಾರುತ್ತಿದ್ದ ಮುದುಕ. ಈಗ ಇಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ತಂದುಕೊಟ್ಟಿದ್ದ ಸೀಟಿನ ಬಟ್ಟೆ ಹರಿದಿತ್ತು, ತುಂಬ ಗಾಜಿನ ಕಾಳು ಸಿಕ್ಕಿಕೊಂಡಿತ್ತು. ಯಲ್ಲಮ್ಮ ಎರಡು ಗಂಟೆ ಕೂತು, ಅಕ್ಕಿ ಆರಿಸಿದ ಹಾಗೆ ಒಂದೊಂದೇ ಗಾಜನ್ನು ಆರಿಸಿದ್ದರು. ಮಗುವಿಗೆ ಚುಚ್ಚಬಾರದು ನೋಡಿ. ಹರಿದದ್ದನ್ನು ನೀಲಿ ನೂಲಿನಲ್ಲಿ ಹೊಲಿದು, ಒಗೆದು, ಒಣಗಿಸಿ ಕೊಟ್ಟಾಗ ಪಿಳ್ಳಣ್ಣ, "ಶೋರೂಮಿಂದ ತಂದಂಗದೆ ಕಣಮ್ಮಿ," ಎಂದಿದ್ದ. ಆ ಮಾತು ಅವರಿಗೆ ಎಷ್ಟೋ ದಿನ ಖುಷಿ ಕೊಟ್ಟಿತ್ತು.

"ಗಾಜು ಆರಿಸಿದೆ," ಯಲ್ಲಮ್ಮ ಈಗ ಹೇಳುತ್ತಾರೆ. "ಒಂದೂ ಬಿಡದಂಗೆ ಆರಿಸಿದೆ. ಗಾಜು ಎಲ್ಲಿಂದ ಬಂತು ಅಂತ ಕೇಳ್ಲಿಲ್ಲ. ನನ್ನ ಬುದ್ಧಿ ಅವತ್ತು ಎಲ್ಲಿ ಮೇಯ್ತಿತ್ತೋ."

ಮುನ್ನಾ ಟೀ ಹಿಡಿದು ಬರುತ್ತಾರೆ. ಬಿಚ್ಚಿಟ್ಟ ಬುಟ್ಟಿ, ಬಿಳಿಗೆರೆ, ಅವರ ಮುಖ ನೋಡಿ ನಿಲ್ಲುತ್ತಾರೆ. "ಅರೆ, ಇದನ್ನ ಯಾರು ಹಿಂಗೆ ಮುಚ್ಚಿ ಹೊಲಿದಿದ್ದು?"

"ನಾನೇ."

ಇನ್ನೊಂದು ವಿಷಯ ನಿಧಾನವಾಗಿ ಅವರ ಅರಿವಿಗೆ ಬರುತ್ತದೆ. ಈ ಬೆಳಿಗ್ಗೆ ಇದೇ ಸೀಟಿನಲ್ಲಿ ರಾಗಿ ಪಾಪು ಕೂತಿತ್ತು, ಗದ್ದ ಮೇಲಿತ್ತು. ಒಡೆದ ಬುಟ್ಟಿಯೂ ನಿಂತ ಕಾರಿನಲ್ಲಿ ನೆಟ್ಟಗೇ ಇರುತ್ತದೆ. ಅದು ಬಾಯಿಬಿಡುವುದು ಗುದ್ದಿದಾಗ ಮಾತ್ರ. ಅನಂತರಾಜು ಒಗೆಯುವುದು ಬೇಡ ಎಂದಿದ್ದರೆ ಯಲ್ಲಮ್ಮ "ಉಸಿರಾಡ್ತಾಳೆ" ಎಂದು ಕಳಿಸಿಬಿಡುತ್ತಿದ್ದರು. ಇದೇ ಸೀಟಿನಲ್ಲಿ ಮೋನಿಷಾ ಎಂಬ ಮಗು ಒಂದೂವರೆ ವರ್ಷ ಓಡಾಡಿದೆ. ತುಮಕೂರಿಗೆ, ದೇವನಹಳ್ಳಿಗೆ, ಮದುವೆಗಳಿಗೆ.

ಅವರು ಕಾಫಿ ಮುಗಿಸಿ ಬಂದ ಅನಂತರಾಜು ಕೈಯಲ್ಲಿ ಪದ್ಮಶ್ರೀಗೆ ಫೋನು ಮಾಡಿಸಿ, ಸ್ಪೀಕರಿನಲ್ಲಿ ಎಲ್ಲವನ್ನೂ ಹೇಳುತ್ತಾರೆ. ಸೀಟು ಆಕ್ಸಿಡೆಂಟಿನದು, ಒಡೆದದ್ದನ್ನು ಮುಚ್ಚಿ ಹೊಲಿದದ್ದು ನಾನು. ಆ ಕಡೆ ಕುಕ್ಕರಿನ ಸೀಟಿ. ಆಮೇಲೆ ನಗು.

"ಅಯ್ಯೋ ಅಕ್ಕ, ಏನೂ ಆಗಿಲ್ವಲ್ಲ! ನಮ್ ಮೋನಿಗೆ ಒಂದ್ ನೆಗಡೀನೂ ಬರ್ಲಿಲ್ಲ ಅದ್ರಲ್ಲಿ ಕೂತು. ಲಕ್ಕಿ ಸೀಟು ಅದು."

ಯಲ್ಲಮ್ಮ ಫೋನನ್ನು ಹಿಂದಕ್ಕೆ ಕೊಡುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಅನಂತರಾಜು ಗೆರೆಯನ್ನು ಒತ್ತಿ ನೋಡುತ್ತಾನೆ. "ಅಕ್ಕ, ಇದಕ್ಕೆ ಒಂದ್ ಪಟ್ಟಿ ಹೊಡೆದು ಸ್ಕ್ರೂ ಹಾಕಿದ್ರೆ? ಆಸ್ಪತ್ರೆಯಿಂದ ಮನೆಗೆ ನಾಲ್ಕೇ ಕಿಲೋಮೀಟರು. ನಾನ್ ಮುಂದಿನ ಸೀಟಲ್ಲೇ ಇಟ್ಕೊಂಡು, ಮಗು ಮುಖ ನೋಡ್ಕೊಂಡು, ನಿಧಾನಕ್ಕೆ..."

"ಮುಂದೆ?" ಯಲ್ಲಮ್ಮ ಎದ್ದು ನಿಲ್ಲುತ್ತಾರೆ. "ಮುಂದೆ ಏರ್‌ಬ್ಯಾಗ್ ಐತಲ್ಲಪ್ಪ. ಅದು ಬಿಚ್ಕೊಂಡ್ರೆ ನಿನ್ನಂಥ ಗಂಡಾಳಿಗೇ ಮೂಗು ಮುರಿಯುತ್ತೆ. ಮೂರು ಕೆಜಿ ಮಗೂಗೆ?"

ಅವನು ಗೆರೆಯ ಮೇಲಿನ ಬೆರಳನ್ನು ಹಿಂದಕ್ಕೆ ತೆಗೆಯುತ್ತಾನೆ.

ಎಂಟು ಗಂಟೆಗೆ ಅವನ ತಾಯಿ ಲಕ್ಷ್ಮಿದೇವಮ್ಮ ಆಟೋದಲ್ಲಿ ಬಂದಿಳಿಯುತ್ತಾರೆ. ಒಂದು ಕೈಯಲ್ಲಿ ಬಾಣಂತಿಗೆ ಮೆಣಸಿನ ಸಾರಿನ ಕ್ಯಾರಿಯರು, ಇನ್ನೊಂದು ಕೈಯಲ್ಲಿ ತಮ್ಮದೇ ಹಳೇ ಹತ್ತಿ ಸೀರೆಯ ಗಂಟು. ಯಲ್ಲಮ್ಮನಿಗಿಂತ ಹದಿನೈದು ವರ್ಷ ಹಿರಿಯರು, ಒಂದೇ ಊರಿನವರು. ವಿಷಯವನ್ನು ಕೇಳಿ, ಬುಟ್ಟಿಯನ್ನು ನೋಡಿ, ತುಟಿ ಮುಂದೆ ಮಾಡುತ್ತಾರೆ.

"ಇಂಗೆ ಒಂದ್ ಗೆರೆ ಬಿದ್ದದೆ ಅಂತ ಎಸೆಯಕ್ಕಾಯ್ತದೇನಮ್ಮಿ? ಮೋನಿಷಾನ ಎತ್ತಾಡ್ಸಿದ್ ಸೀಟು ಇದು. ನಮ್ ಮಗೂಗೂ ಅದೇ ಆಯಸ್ಸು ಬರ್ಲಿ ಅಂತ ನಾನೇ ಓಗಿ ಕೇಳಿ ತಂದಿವ್ನಿ."

"ಅಮ್ಮ, ಮೋನಿಷಾ ಆಯಸ್ಸು ಗಟ್ಟಿ ಇತ್ತು. ಸೀಟು ಗಟ್ಟಿ ಇರ್ಲಿಲ್ಲ. ನಿಮಗ್ಯಾಕೆ ಅರ್ಥ ಆಗ್ತಿಲ್ಲ?"

"ಒಸದು ಮುಟ್ಟುಸ್ಬಾರ್ದು ಕಣೆ ಯಲ್ಲಮ್ಮ. ನಿಂಗೊತ್ತಿಲ್ವಾ? ನೀನೇನ್ ಅಮೇರಿಕದಲ್ಲಿ ಉಟ್ಟಿದ್ಯಾ? ಬುಡು, ನಾನ್ ತೊಡೆ ಮ್ಯಾಲೆ ಮಲಗಿಸ್ಕೊಂಡ್ ಬತ್ತೀನಿ. ನನ್ ಮಕ್ಕಳ್ನೆಲ್ಲ ಅಂಗೇ ತಂದಿದ್ದು."

"ಎತ್ತಿನ ಗಾಡೀಲಿ ತಂದಿದ್ರಿ ಅಮ್ಮ. ಇದು ಅರವತ್ತರಲ್ಲಿ ಓಡುತ್ತೆ. ಗುದ್ದಿದ್ರೆ ಮಗು ನಿಮ್ ಕೈಯಲ್ಲಿ ಇರಲ್ಲ, ಗಾಜಿನಾಚೆ ಇರುತ್ತೆ."

"ಬುಡ್ತು ಅನ್ನು!" ಲಕ್ಷ್ಮಿದೇವಮ್ಮ ಗಲ್ಲ ಬಡಿದುಕೊಳ್ಳುತ್ತಾರೆ. "ಮೂರ್ ದಿನದ್ ಕೂಸಿಗೆ ಏನ್ ಮಾತಾಡ್ತಾಳಪ್ಪ ಇವ್ಳು! ಅನಂತ, ಎತ್ಕೊಳೊ ಸೀಟ್ನ. ಇನ್ನೊಂದ್ ಅಂಗಡೀಲಿ ಒಲಿಸ್ಕೊಳನ."

ಇನ್ನೊಂದು ಅಂಗಡಿ. ಇನ್ನೊಂದು ನೀಲಿ ನೂಲು. ಮುಂದೆ ನಡೆದದ್ದು ಒಂದೇ ಉಸಿರಿನಲ್ಲಿ. ಯಲ್ಲಮ್ಮ ರೆಕ್ಸಿನ್ ಕತ್ತರಿಸುವ ದೊಡ್ಡ ಕತ್ತರಿಯನ್ನು ತೆಗೆದುಕೊಂಡು, ಅನಂತರಾಜು ಬಾಗುವುದರೊಳಗೆ ಎರಡು ಭುಜದ ಬೆಲ್ಟುಗಳನ್ನೂ ಕಚಕ್ಕೆಂದು ಕತ್ತರಿಸಿಹಾಕುತ್ತಾರೆ.

ಲಕ್ಷ್ಮಿದೇವಮ್ಮ ತುಂಡಾದ ಬೆಲ್ಟನ್ನು ಎತ್ತಿ ಹಿಡಿಯುತ್ತಾರೆ. "ಯಾರ್ನ್ ಕೇಳಿ ಕುಯ್ದೆ?"

ಯಲ್ಲಮ್ಮ ಕತ್ತರಿಯನ್ನು ಮಿಷನ್ ಮೇಲೆ ಇಡುತ್ತಾರೆ. ಗಿರಾಕಿಯ ವಸ್ತುವನ್ನು ಗಿರಾಕಿಯ ಎದುರಿಗೆ, ಕೇಳದೆ ಕತ್ತರಿಸಿದ್ದು ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಹಿಂದಿನ ಇಪ್ಪತ್ತೇಳನ್ನೂ ಒಪ್ಪಿಸಿಯೇ ಕತ್ತರಿಸಿದ್ದರು. ಮುನ್ನಾ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದಾರೆ. ಅವರು ಏನು ಹೇಳಿದರೂ ಇವತ್ತು ಕೇಳಿಸಿಕೊಳ್ಳಬೇಕಾದ್ದೇ.

"ಅಮ್ಮ, ಬೆಲ್ಟಿಗೆ ನಾನ್ ಜವಾಬ್ದಾರಿ," ಎನ್ನುತ್ತಾರೆ ಮುನ್ನಾ. ಆಮೇಲೆ ಯಲ್ಲಮ್ಮನ ಕಡೆ ತಿರುಗಿ, "ಅಕ್ಕ, ಆ ಟ್ಯಾಕ್ಸಿ ಕವರು ಸಾಯಂಕಾಲಕ್ಕೆ ಕೊಟ್ರಾಯ್ತು. ಹೋಗ್ಬನ್ನಿ. ನಿಮ್ ರಾಗಿ ಮಗಳನ್ನೂ ಕರ್ಕೊಂಡ್ ಹೋಗಿ."

ಹೆಸರಘಟ್ಟ ರಸ್ತೆಯ ಮಕ್ಕಳ ಸಾಮಾನಿನ ಅಂಗಡಿ ಒಂಬತ್ತೂವರೆಗೆ ತೆರೆಯುತ್ತದೆ. ಶೆಟರು ಏಳುವಾಗ ಹೊರಗೆ ನಾಲ್ವರು ನಿಂತಿದ್ದಾರೆ: ಬೆವರುತ್ತಿರುವ ಸೋದರಮಾವ, ಮಾತು ಬಿಟ್ಟ ಅಜ್ಜಿ, ಯಲ್ಲಮ್ಮ ಮತ್ತು ಅವರ ಕಂಕುಳಲ್ಲಿ ರಾಗಿ ಪಾಪು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ತೋರಿಸುತ್ತಾನೆ. ಚಕ್ರವಿದೆ, ಲೋಟ ಇಡುವ ಜಾಗವಿದೆ, ಏಳು ವರ್ಷದವರೆಗೆ ಬರುತ್ತದಂತೆ.

"ಏಳು ವರ್ಷದ ಮಾತು ಆಮೇಲೆ," ಎನ್ನುತ್ತಾರೆ ಯಲ್ಲಮ್ಮ. "ಇವತ್ತು ಬರುತ್ತಾ?"

ಯಾವ ಸೀಟನ್ನೂ ಅವರು ಅಂಗಡಿಯಲ್ಲಿ ನೋಡಿ ಒಪ್ಪುವುದಿಲ್ಲ. ಕಾರಿಗೇ ಹೊರಿಸುತ್ತಾರೆ. ಒಂದೊಂದು ಕಾರಿನ ಸೀಟಿನ ಇಳಿಜಾರು ಒಂದೊಂದು ಥರ. ಒಂದು ಕಾರಿನಲ್ಲಿ ಮಲಗುವ ಬುಟ್ಟಿ ಇನ್ನೊಂದರಲ್ಲಿ ಎದ್ದು ಕೂರುತ್ತದೆ. ದೊಡ್ಡ ಸೀಟಿನಲ್ಲಿ ರಾಗಿ ಪಾಪುವನ್ನು ಕೂರಿಸಿ ಬಾಗಿಲು ಬಡಿಯುತ್ತಾರೆ. ತಲೆ ಮುಂದಕ್ಕೆ ಬಿದ್ದು ಗದ್ದ ಎದೆಗೆ ಅಂಟುತ್ತದೆ. ಅನಂತರಾಜು "ಅಯ್ಯೋ" ಎನ್ನುತ್ತಾನೆ, ನಿಜವಾದ ಮಗುವನ್ನು ಕಂಡವನ ಹಾಗೆ. ಎರಡನೆಯದರಲ್ಲಿ ಗದ್ದ ಸರಿ, ಆದರೆ ಹಿಡಿದು ಎಳೆದರೆ ಸೀಟು ಅಂಗೈ ಅಗಲ ಜರುಗುತ್ತದೆ. ಮೂರನೆಯದು ಚಿಕ್ಕದು, ಬಣ್ಣವೂ ಪೆಚ್ಚು. ಯಲ್ಲಮ್ಮ ಅದರ ಮೇಲೆ ಮಂಡಿಯೂರಿ, ತಮ್ಮ ಭಾರವನ್ನೆಲ್ಲ ಹಾಕಿ ಕಾರಿನ ಬೆಲ್ಟನ್ನು ಎಳೆದು ಬಿಗಿಯುತ್ತಾರೆ. ಎಳೆದು ನೋಡುತ್ತಾರೆ. ಹೆಬ್ಬೆರಳಿನಷ್ಟೂ ಕದಲುವುದಿಲ್ಲ. ಪಾಪುವನ್ನು ಕೂರಿಸಿ, ಭುಜದ ಬೆಲ್ಟನ್ನು ಚಿವುಟಿ ನೋಡುತ್ತಾರೆ. ಚಿವುಟಲು ಸಿಗುವುದಿಲ್ಲ. ಬಾಗಿಲು ಬಡಿಯುತ್ತಾರೆ. ಇವತ್ತು ಒಂದು ಸಲ ಸಾಲದೆಂಬಂತೆ ಮೂರು ಸಲ.

"ಉಸಿರಾಡ್ತಾಳೆ."

ಉಳಿದಿದ್ದು ಲಕ್ಷ್ಮಿದೇವಮ್ಮ. ಅವರು ಅಂಗಡಿಯ ಮೆಟ್ಟಿಲ ಮೇಲೆ ಸೀರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಸಿಟ್ಟಿಗಿಂತ ಹೆಚ್ಚಾಗಿ ಭಯ. ಮಂಜುಶ್ರೀಗೆ ಮದುವೆಯಾದ ಏಳು ವರ್ಷದ ಮೇಲೆ ಹುಟ್ಟಿದ ಮಗು ಇದು. ಏನೂ ತಪ್ಪಬಾರದು ಎಂದು ಒಂಬತ್ತು ತಿಂಗಳಿಂದ ಒಂದೊಂದನ್ನೂ ನೇಮದಂತೆ ಕಾಯ್ದುಕೊಂಡು ಬಂದವರು. ಯಲ್ಲಮ್ಮ ಅವರ ಪಕ್ಕ ಕೂರುತ್ತಾರೆ. ಹೊಸದು ಮುಟ್ಟಿಸಬಾರದು ಎಂಬುದನ್ನು ಅವರೂ ನಂಬಿಯೇ ಬೆಳೆದವರು. ತಮ್ಮ ಮಗನನ್ನು ಮೊದಲು ಸುತ್ತಿದ್ದು ಅತ್ತೆಯ ಸೀರೆಯಲ್ಲೇ.

"ಅಮ್ಮ, ಆ ಸೀಟಲ್ಲಿ ಈಗ ಒಂದ್ ಮಗು ಕೂತೈತೆ. ನೋಡ್ಬನ್ನಿ."

"ಗೊಂಬೆ ಅದು."

"ಅದರೊಳಗೆ ಇರೋದು ನಮ್ಮೂರ್ ರಾಗಿ. ನಮ್ಮಣ್ಣ ಕೊಟ್ಟಿದ್ದು. ಮೂರು ವರ್ಷದಿಂದ ಇವಳು ಕೂರದಿರೋ ಸೀಟಿಲ್ಲ. ಒಂದ್ ಹುಳ ಬಿದ್ದಿಲ್ಲ, ಒಂದ್ ಹೊಲಿಗೆ ಬಿಟ್ಟಿಲ್ಲ. ಇವಳನ್ನ ಅದ್ರಲ್ಲಿ ಕೂರಿಸಿ ನಿಮ್ ಮನೆ ಬಾಗಿಲವರೆಗೆ ಹೋಗಿ, ತಿರುಗಿಸ್ಕೊಂಡು ಆಸ್ಪತ್ರೆಗೆ ಬರೋಣ. ಮೊದಲನೇ ಕೂಸು ಇವಳು. ನಿಮ್ ಮೊಮ್ಮಗ ಎರಡನೆಯೋನು. ಆಗ ಸೀಟು ಹಳೇದೇ ತಾನೆ?"

ಲಕ್ಷ್ಮಿದೇವಮ್ಮ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಏಳುತ್ತಾರೆ. ಕಾರಿನ ಹತ್ತಿರ ಹೋಗಿ, ಕಣ್ಣುಮೂಗಿಲ್ಲದ ಆ ಮುಖದ ಮುಂದೆ ಕೈ ನಿವಾಳಿಸಿ ನೆಟಿಗೆ ಮುರಿಯುತ್ತಾರೆ.

"ರಾಗಿ ಕೆಡಕಿಲ್ಲ," ಎನ್ನುತ್ತಾರೆ. "ನೂರ್ ವರ್ಸ ಇಟ್ರೂ ಕೆಡಕಿಲ್ಲ. ನಡೀರಿ, ಒತ್ತಾಯ್ತು."

ಹೆಸರಘಟ್ಟ ರಸ್ತೆಯಲ್ಲಿ ಬಿಳಿ ಕಾರು ಸೋಲದೇವನಹಳ್ಳಿಗೆ ಹೋಗಿ, ಒಂದು ಗೇಟಿನ ಮುಂದೆ ತಿರುಗಿ, ಚಿಕ್ಕಬಾಣಾವರದ ನರ್ಸಿಂಗ್ ಹೋಮ್ ತಲುಪುತ್ತದೆ. ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಒಂದು ರಾಗಿಯ ಮೂಟೆ. ದಾರಿಯುದ್ದಕ್ಕೂ ಅನಂತರಾಜು ನಲವತ್ತು ದಾಟುವುದಿಲ್ಲ. ಗುಂಡಿ ಬಂದಾಗಲೆಲ್ಲ ಹಿಂದಕ್ಕೆ ತಿರುಗಿ, "ಅಕ್ಕ, ಸರಿ ಇದಾಳಾ?" ಎಂದು ಕೇಳುತ್ತಾನೆ. "ಮುಂದೆ ನೋಡ್ಕೊಂಡ್ ಓಡ್ಸಪ್ಪ," ಎನ್ನುತ್ತಾರೆ ಯಲ್ಲಮ್ಮ.

ಹನ್ನೊಂದೂಕಾಲು. ಮಂಜುಶ್ರೀ ಕಿವಿಗೆ ಹತ್ತಿ ಇಟ್ಟುಕೊಂಡು, ಕುಲಾವಿ, ಸ್ವೆಟರು, ಎರಡು ಟವೆಲುಗಳ ನಡುವೆ ಎಲ್ಲೋ ಇರುವ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಯಲ್ಲಮ್ಮ ಕೈ ಚಾಚುತ್ತಾರೆ. ಚಾಚಿದ ಮೇಲೆ ಅವರಿಗೇ ಗಾಬರಿ. ಮೂರು ವರ್ಷದಲ್ಲಿ ನೂರಾರು ಸೀಟು ನೋಡಿದ್ದಾರೆ, ಆದರೆ ಅವರು ನೋಡಿಕೊಟ್ಟ ಒಂದು ಸೀಟಿನಲ್ಲೂ ನಿಜವಾದ ಮಗು ಕೂತದ್ದನ್ನು ಕಂಡಿಲ್ಲ. ಜನ ಸೀಟು ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ. ಇದು ರಾಗಿಗಿಂತ ಬೆಚ್ಚಗಿದೆ. ಅಲ್ಲಾಡುತ್ತದೆ.

"ಸ್ವೆಟರ್ ತೆಗೀಬೇಕು," ಎನ್ನುತ್ತಾರೆ. "ದಪ್ಪ ಬಟ್ಟೆ ಮೇಲೆ ಬೆಲ್ಟ್ ಹಾಕಿದ್ರೆ ಬಿಗಿ ಆದಂಗೆ ಕಾಣುತ್ತೆ, ಆಗಿರಲ್ಲ. ಮೊದ್ಲು ಬೆಲ್ಟು. ಬೆಲ್ಟಿನ ಮೇಲೆ ಸೀರೆ."

ಈ ಸಲ ಯಾರೂ ವಾದಿಸುವುದಿಲ್ಲ. ತೆಳ್ಳನೆ ಅಂಗಿಯಲ್ಲಿ ಮಗುವನ್ನು ಮಲಗಿಸುತ್ತಾರೆ. ಕಾಲ ನಡುವಿನ ಲಾಕು ಟಕ್ಕೆನ್ನುತ್ತದೆ. ಭುಜದ ಬೆಲ್ಟು ಚಿವುಟಲು ಸಿಗುವುದಿಲ್ಲ. ಲಕ್ಷ್ಮಿದೇವಮ್ಮ ಗಂಟು ಬಿಚ್ಚಿ, ತೊಳೆದು ತೊಳೆದು ಹೂವಿನಂತಾದ ಸೀರೆಯನ್ನು ಎದೆಯವರೆಗೆ ಹೊದಿಸುತ್ತಾರೆ. ಮಗು ಬಾಯಿ ಓರೆ ಮಾಡುತ್ತದೆ. ಬೆರಳುಗುರಿನಷ್ಟು ಗದ್ದ. ಮೇಲಿದೆ.

ಎಲ್ಲರೂ ಯಲ್ಲಮ್ಮನ ಮುಖ ನೋಡುತ್ತಾರೆ. ಅವರು ಬಾಗಿ, ಕಿವಿಯನ್ನು ಮಗುವಿನ ಮೂಗಿನ ಹತ್ತಿರ ತಂದು, ತುಂಬ ಹೊತ್ತು ಹಾಗೇ ಇರುತ್ತಾರೆ.

"ಉಸಿರಾಡ್ತಾನೆ," ಎನ್ನುತ್ತಾರೆ.

ಮಧ್ಯಾಹ್ನ ಒಂದು ಗಂಟೆಗೆ ಅವರು ಮತ್ತೆ ಮಿಷನ್ ಮುಂದೆ ಇದ್ದಾರೆ. ಟ್ಯಾಕ್ಸಿಯ ಕವರು ಅರ್ಧ ಮುಗಿದಿದೆ. ರಾಗಿ ಪಾಪು ಸ್ಪಂಜಿನ ರಾಶಿಯ ಮೇಲೆ ಮಲಗಿದೆ. ಗೋಡೆಯ ಮೊಳೆಗೆ ಇಪ್ಪತ್ತೆಂಟನೆಯದು ಸೇರಿದೆ. ಅದೊಂದರ ಜೊತೆ ಮಾತ್ರ ನೀಲಿ ನೂಲಿನ ಅಂಚೂ ನೇತಾಡುತ್ತಿದೆ. ಹಸಿರು ಗಾಜಿನ ಕಾಳು ಬಾಬಿನ್ ಡಬ್ಬಿಯಲ್ಲಿದೆ. ದಿನಾ ಕೈ ಹಾಕುವ ಡಬ್ಬಿ ಅದು.

"ಎಸೀರಿ ಅಕ್ಕ, ಕೈ ಕುಯ್ಯುತ್ತೆ," ಎನ್ನುತ್ತಾರೆ ಮುನ್ನಾ.

"ಕುಯ್ಲಿ ಅಂತಾನೇ ಇಟ್ಟಿರೋದು."

ಪಿಳ್ಳಣ್ಣ ತಂದದ್ದು ಆ ಒಂದೇ ಸೀಟೋ, ಇನ್ನೂ ಇದ್ದವೋ ಎಂದು ಅವರು ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದಾರೆ. ಒಂದೇ ಎನಿಸುತ್ತದೆ. ಖಾತ್ರಿ ಇಲ್ಲ. ಇನ್ನು ಮುಂದೆ ಬರುವ ಯಾವ ಸೀಟನ್ನೂ ಬಟ್ಟೆ ಪೂರ್ತಿ ಕಳಚದೆ, ಬುಟ್ಟಿ ಒತ್ತಿ ನೋಡದೆ ರಾಗಿ ಪಾಪುವನ್ನು ಕೂರಿಸುವುದಿಲ್ಲವಂತೆ.

ನಿಮಗೇನಾದರೂ ಬೇಕಾ ಎಂದು ಮುನ್ನಾ ಕೇಳಿದರೆ, ಮಿಷನ್ ನಿಲ್ಲಿಸಿ ಯೋಚಿಸುತ್ತಾರೆ. ಅಂಗಡಿಯ ಫಲಕದಲ್ಲಿ ಹೆಸರು? ಬೇಡ ಎಂದು ಕೈಯಾಡಿಸುತ್ತಾರೆ.

"ಭಾನುವಾರ ಚಿಕ್ಕಬಾಣಾವರಕ್ಕೆ ಹೋಗ್ಬೇಕು. ಆ ಮೋನಿಷಾ ಅನ್ನೋ ಮಗು ಬೀದೀಲಿ ಆಡ್ಕೊಂಡಿರುತ್ತಂತೆ. ಮಾತಾಡ್ಸಲ್ಲ. ಗೇಟಿನ್ ಹತ್ರ ನಿಂತ್ಕೊಂಡು, ಅವಳು ಓಡೋದನ್ನ ಒಂದ್ಸಲ ಕಣ್ಣಾರೆ ನೋಡ್ಕೊಂಡ್ ಬರ್ತೀನಿ. ಅಷ್ಟೇ."